ಅಕ್ಕನ ಫೋನು ಓದಿದ ಪಾಠ

ಹೊಸ ಪಾಠಪುಸ್ತಕ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದ ದಿನ ಅಕ್ಕ ನನಗೆ ಫೋನ್ ಮಾಡಿ, "ಪುಸ್ತಕ ಬಂದೈತಿ, ಒಳಗ ಒಂದೂ ಅಕ್ಷರ ಇಲ್ಲ" ಎಂದಳು. ಇದು ನನ್ನ ನೆನಪು. ಅಕ್ಕನ ಪ್ರಕಾರ ಅವಳು ಫೋನ್ ಮಾಡಲೇ ಇಲ್ಲ. ನಾನು ಅವಳ ಮನೆಯಲ್ಲೇ ಕುಳಿತು ಮಂಡಕ್ಕಿ ತಿನ್ನುತ್ತಿದ್ದೆನಂತೆ. ಯಾವುದು ನಿಜವೋ ತಿಳಿಯದು. ಆಡಿದ ಮಾತು ಮಾತ್ರ ಅದೇ ಎಂದು ಇಬ್ಬರೂ ಒಪ್ಪುತ್ತೇವೆ.

ಅಕ್ಕ ಹೊಳಗುಂದದ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ರಾಜ್ಯ ಆಂಧ್ರವಾದರೂ ಆ ಊರಿನ ಮನೆಗಳಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ. ಅವಳ ಕಣ್ಣು ಒಮ್ಮೆಲೇ ಹೋದದ್ದಲ್ಲ. ಮೊದಲು ಮುಸ್ಸಂಜೆಯಲ್ಲಿ ತಡವರಿಸುತ್ತಿದ್ದಳು, ಆಮೇಲೆ ಬಸ್ಸಿನ ಬೋರ್ಡು ಹೋಯಿತು, ಕೊನೆಗೆ ಕೈಯಲ್ಲಿ ಹಿಡಿದ ಪುಟದ ಸಾಲುಗಳು. ಹಳೆಯ ಪಾಠಪುಸ್ತಕ ಅವಳಿಗೆ ಬಾಯಿಪಾಠವಾಗಿತ್ತು, ಹಾಗಾಗಿ ತರಗತಿ ನಡೆಯುತ್ತಿತ್ತು. ಪುಸ್ತಕ ಬದಲಾದದ್ದೇ ತೊಂದರೆಯಾಯಿತು.

ಅವಳ ಫೋನು ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತದೆ. ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಮಕ್ಕಳಿಗೆ. ಆದರೆ ಗುಂಪಿಗೆ ಬಂದ ಪುಸ್ತಕ ಪುಟಗಳ ಫೋಟೊ. ನನ್ನ ಕಣ್ಣಿಗೆ ಅದು ಪುಸ್ತಕ. ಫೋನಿಗೆ ಅದು ಗೋಡೆ. ಅಕ್ಕ ಬೆರಳಿಟ್ಟಾಗಲೆಲ್ಲ "ಚಿತ್ರ, ಚಿತ್ರ, ಚಿತ್ರ" ಎನ್ನುತ್ತಿತ್ತು.

ಹೆಡ್‌ಮಾಸ್ತರರು ತುಂಬ ಮರುಗಿದರು. "ಮೇಡಂ, ನಿಮಗ್ಯಾಕ್ರೀ ಈ ತ್ರಾಸು? ಆಫೀಸಿನ್ಯಾಗ ಫ್ಯಾನಿನ ಕೆಳಗ ಕುಂದರ್ರಿ. ಕ್ಲಾಸು ಬ್ಯಾರೆಯವರು ನೋಡ್ಕೊಂತಾರ." ದಸರಾ ರಜೆ ಮುಗಿದ ಮೇಲೆ ಅಧಿಕಾರಿಯೊಬ್ಬರು ಬಂದು ತರಗತಿ ನೋಡುತ್ತಾರೆ, ಹೊಸ ಪುಸ್ತಕವನ್ನು ಅವಳು ಯಾರ ನೆರವೂ ಇಲ್ಲದೆ ಕಲಿಸಬಲ್ಲಳೋ ಇಲ್ಲವೋ ಅವರೇ ತೀರ್ಮಾನಿಸುತ್ತಾರೆ ಎಂದೂ ಹೇಳಿದರು. ಅವರ ಮರುಕದಲ್ಲಿ ನನಗೆ ನಂಬಿಕೆ ಬರಲಿಲ್ಲ. ಫ್ಯಾನನ್ನು ಅವರು ಅಷ್ಟು ಸಲ ನೆನಪಿಸಿದ್ದೇಕೆ? ತರಗತಿಯನ್ನು ಯಾರಿಗೆ ಕೊಡಬೇಕೆಂದು ಆಗಲೇ ನಿಶ್ಚಯಿಸಿದಂತಿತ್ತು.

"ಅಂವ ಒಳ್ಳೆ ಮನಷ್ಯಾ ಅದಾನ" ಎಂದಳು ಅಕ್ಕ.

"ಒಳ್ಳೇತನದಾಗ ಅಂವಗ ಏನ್ ಲಾಭ?"

"ನೀ ವಿಶ್ವವಿದ್ಯಾಲಯದಾಗ ಇದನ್ನ ಕಲ್ತು ಬಂದ್ಯೇನಲೇ?"

ಹೌದು, ಒಂದು ಮಟ್ಟಿಗೆ ಅದನ್ನೇ ಕಲಿತದ್ದು. ಇತಿಹಾಸ ಓದುವಾಗ ಯಾವ ದಾಖಲೆಯನ್ನೂ ಯಾರು ಬರೆದರು, ಏಕೆ ಬರೆದರು ಎಂದು ಕೇಳದೆ ಒಪ್ಪಬಾರದೆಂದು ಹೇಳಿಕೊಟ್ಟರು. ಆ ಮೇಲೆ ಅಲ್ಲೊಂದು ಕಾಲೇಜು, ಇಲ್ಲೊಂದು ಕಾಲೇಜು ಎಂದು ಪಾಠ ಹೇಳುತ್ತ ಅಲೆದು ಎಲ್ಲೂ ನಿಲ್ಲದೆ ನಮ್ಮೂರು ಆದವಾನಿಗೆ ಮರಳಿದ್ದೆ. ಕೆಲಸ ಉಳಿಯಲಿಲ್ಲ, ಆ ಅಭ್ಯಾಸ ಉಳಿಯಿತು. ನನ್ನ ನೆನಪನ್ನೂ ಈಗ ಅದೇ ರೀತಿ ವಿಚಾರಿಸುತ್ತೇನೆ. ಅದು ನೇರವಾಗಿ ಉತ್ತರ ಕೊಡುವುದಿಲ್ಲ.

ಮಕ್ಕಳಿಗೆ ಹಂಚಿದ ಮುದ್ರಿತ ಪ್ರತಿಯೊಂದನ್ನು ಒಯ್ದು, ಅದನ್ನು ಫೋನು ಓದಬಲ್ಲ ಅಕ್ಷರಕ್ಕೆ ಇಳಿಸುವ ಕೆಲಸವನ್ನು ಹತ್ತಿ ಮಾರುಕಟ್ಟೆಯ ದಾರಿಯ ಡಿಟಿಪಿ ಅಂಗಡಿಯೊಂದಕ್ಕೆ ಕೊಟ್ಟೆ. ಮದುವೆ ಕಾರ್ಡು, ಜಿನ್ನಿಂಗ್ ಮಿಲ್ಲಿನ ರಸೀದಿ, ಚುನಾವಣೆಯ ಕರಪತ್ರ ಎಲ್ಲ ಅಲ್ಲೇ. ಗಾಜಿನ ಬಾಗಿಲಿಗೆ ಹತ್ತಿಯ ನೂಲು ಅಂಟಿಕೊಂಡಿರುತ್ತದೆ, ಒಳಗೆ ಕಂಪ್ಯೂಟರಿನ ಮೇಲೂ. ಅಂಗಡಿಯವನು ಪುಸ್ತಕ ತಿರುವಿ ಹಾಕಿ, "ಅಯಿಪೋತುಂದಿ ಸಾರ್. ನಮ್ಮ ಹುಡುಗಿ ಟೈಪ್ ಮಾಡ್ತಾಳ್ರಿ, ಕಣ್ ಮುಚ್ಚಿ ತೆಗ್ಯೋದ್ರಾಗ ಆಗ್ತೈತಿ" ಎಂದ.

"ಸಾಲು ಬಿಡಬಾರದು."

"ನಾವ್ಯಾಕ ಬಿಡ್ತೀವಿ ಸಾರ್? ಬಿಟ್ಟ ಸಾಲು ತಗೊಂಡು ಮನೀಗೆ ಒಯ್ತೀವೇನು?"

ಫೈಲು ಬಂದಾಗ ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ತೆರೆಯ ಮೇಲೆ ಸಾಲು ಸಾಲಾಗಿ ತಾಳೆ ನೋಡಿದೆ. ತಪ್ಪುಗಳು ಕಡಿಮೆ ಇದ್ದವು. ಅದೇ ನನಗೆ ಸಮಾಧಾನ ಕೊಡಲಿಲ್ಲ. ತಪ್ಪು ಸಿಗದಿದ್ದರೆ ಅದು ಎಲ್ಲೋ ಚೆನ್ನಾಗಿ ಅಡಗಿದೆ ಎಂದೇ ನನ್ನ ಲೆಕ್ಕ. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಎಲ್ಲವೂ ಸರಿಯಿತ್ತು. ಫೈಲನ್ನು ಅಕ್ಕನ ಫೋನಿಗೆ ಹಾಕಿಕೊಟ್ಟೆ.

ಅವಳು ಸ್ವಲ್ಪ ಹೊತ್ತು ಕೇಳಿ ಇಯರ್‌ಫೋನು ತೆಗೆದಳು. "ಇದು ಉದ್ದನ ಹಗ್ಗ ಆಗೇತಲ್ಲೋ. ಎಲ್ಲಿ ಗಂಟು ಐತಿ ಅಂತ ಕೈಗೆ ಸಿಗಬೇಕಲಾ?"

ನನಗೆ ಅರ್ಥವಾಗಲಿಲ್ಲ. ಪಾಠದ ಹೆಸರುಗಳನ್ನು ದೊಡ್ಡದಾಗಿ, ದಪ್ಪವಾಗಿ ಮಾಡಿಸಿದ್ದೆನಲ್ಲ?

"ದಪ್ಪ ಮಾಡಿದ್ದು ನಿನ್ನ ಕಣ್ಣಿಗೆ. ನನ್ನ ಫೋನಿಗೆ ಅದೂ ಒಂದು ಸಾಲು, ಇದೂ ಒಂದು ಸಾಲು. ಇದು ಶೀರ್ಷಿಕೆ ಅಂತ ಫೈಲಿನ್ಯಾಗ ಗುರುತು ಹಾಕಬೇಕು. ಆಗ ಬೆರಳು ಜಾರಿಸಿದ್ರ ಒಂದ್ ಪಾಠದಿಂದ ಇನ್ನೊಂದು ಪಾಠಕ್ಕ ಜಿಗಿತೀನಿ. ಪುಟದ ನಂಬರೂ ಬೇಕು, ಹುಡುಗರ ಪುಸ್ತಕದಾಗ ಇದ್ದಂಗ. ಆ ಸಾಹೇಬ ಇಂಥಾ ಪುಟ ತೆಗೀರಿ ಅಂದ್ರ, ಮೊದಲಿಂದ ಕೇಳ್ಕೋತ ಕುಂದರ್ಲೇನು?"

ನಾನು ಪುಸ್ತಕವನ್ನು ಅಲ್ಲಿಯವರೆಗೆ ಹಾಗೆ ನೋಡಿರಲಿಲ್ಲ. ದಪ್ಪ ಅಕ್ಷರ, ಬಿಟ್ಟ ಜಾಗ, ಮೂಲೆಯ ಅಂಕಿ ಇವೆಲ್ಲ ದಾರಿಯ ಕಲ್ಲುಗಳೆಂದು ಕಣ್ಣಿರುವವನಿಗೆ ಹೊಳೆಯುವುದಿಲ್ಲ, ಏಕೆಂದರೆ ಅವನು ಎಡವುವುದಿಲ್ಲ. ಪ್ರತಿ ಪಾಠಕ್ಕೂ ಪುಟಕ್ಕೂ ಗುರುತು ಹಾಕಿದೆ. ಉಳಿದದ್ದು ಚಿತ್ರಗಳು.

"ಇಲ್ಲಿ ಚಿತ್ರ ಅಂತ ಅಷ್ಟ ಹೇಳ್ತೈತಿ. ಯಾವ ಚಿತ್ರ, ಏನ್ ಕಥಿ? ಪ್ರತಿಯೊಂದಕ್ಕೂ ಎರಡು ಮಾತು ಬರಿ. ಫೋನು ಅದನ್ನ ಓದ್ತೈತಿ."

ಬರೆದೆ. ಸಂತೆಯ ಪಾಠವೊಂದರಲ್ಲಿ ತಕ್ಕಡಿ ಹಿಡಿದ ಅಂಗಡಿಯವನ ಮುಂದೆ ಒಬ್ಬ ಅಜ್ಜಿ ಕೈಚೀಲ ಒಡ್ಡಿ ನಿಂತ ಚಿತ್ರವಿತ್ತು. ಅದಕ್ಕೆ, "ತೂಕದಲ್ಲಿ ಮೋಸ ಮಾಡುತ್ತಿರುವ ಅಂಗಡಿಯವನು; ಅವನನ್ನು ನಂಬದೆ ನೋಡುತ್ತಿರುವ ಅಜ್ಜಿ" ಎಂದು ಬರೆದಿದ್ದೆ. ಅಕ್ಕ ಅದನ್ನು ಕೇಳಿ ನಗುತ್ತ ಮಂಚದ ಮೇಲೆ ಕುಳಿತುಬಿಟ್ಟಳು.

"ಮೋಸ ಅಂತ ನಿನಗ್ಯಾರು ಹೇಳಿದ್ರು?"

"ಮುಖ ನೋಡಿದ್ರ ತಿಳೀತೈತಿ."

"ನಿನಗ ಎಲ್ಲಾರ ಮುಖದಾಗೂ ಅದ ತಿಳೀತೈತಿ. ಹೆಡ್‌ಮಾಸ್ತರ ಮುಖದಾಗೂ ಅದ ತಿಳೀತು. ಕಣ್ಣಿಗೆ ಬಿದ್ದಿದ್ದು ಬರಿಯೋ ಮಾರಾಯ, ತಲ್ಯಾಗ ಬಂದಿದ್ದು ಬ್ಯಾಡ. ನಾ ಇದನ್ನ ನಂಬಿ ಹುಡುಗರಿಗೆ ಹೇಳ್ತೀನಿ. ಅವು ಚಿತ್ರ ನೋಡಿ ನನ್ನ ಮುಖ ನೋಡ್ತಾವ."

ನನಗೆ ಸಿಟ್ಟು ಬಂತು, ವಾದಕ್ಕೆ ಆಧಾರ ಹುಡುಕಿದೆ. ಚಿತ್ರವನ್ನು ಮತ್ತೆ ನೋಡಿದೆ. ಅಂಗಡಿಯವನ ಬಾಯಿ ತೆರೆದಿತ್ತು, ಅಷ್ಟೇ. ಮಾತಾಡುತ್ತಿದ್ದಾನೋ, ನಗುತ್ತಿದ್ದಾನೋ, ಕೆಮ್ಮುತ್ತಿದ್ದಾನೋ. ಮೋಸದ ಮಾತನ್ನು ಅಳಿಸಿದೆ. ಅಳಿಸಿದೆನೆಂದೇ ನೆನಪು.

ಕೆಲವು ದಿನಗಳಾದ ಮೇಲೆ ಅಕ್ಕ ಇನ್ನೊಂದು ಮಾತು ಹೇಳಿದಳು. "ನಡುವಿನ ಒಂದು ಪಾಠಕ್ಕ ಫೋನಿನ್ಯಾಗ ಓದಾಕ ಬ್ಯಾರೆ ಹೆಂಗಸು ಬರ್ತಾಳ ನೋಡು. ಮೊದಲಿನಾಕಿ ಭಾಳ ಶಿಸ್ತು, ಆಕಾಶವಾಣಿಯವರಂಗ. ಈಕಿ ನಮ್ಮ ಕಡ್ಯಾಕಿ ಇದ್ದಂಗ ಅದಾಳ, ಆದವಾನಿ ಸಂತ್ಯಾಗ ಮಾತಾಡ್ದಂಗ. ಛಲೋ ಓದ್ತಾಳ." ಫೋನು ತಾನೇ ಏನಾದರೂ ಬದಲಿಸಿಕೊಂಡಿರಬೇಕು ಎಂದುಕೊಂಡೆ. ಹೆಡ್‌ಮಾಸ್ತರರ ಫ್ಯಾನನ್ನೂ ಬಿಡದೆ ಅನುಮಾನಿಸಿದವನು ಇದೊಂದನ್ನು ಸುಮ್ಮನೆ ಬಿಟ್ಟೆ.

ಅಧಿಕಾರಿ ಬಂದ ದಿನ ಅಕ್ಕನನ್ನು ನಾನೇ ಬೈಕಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಅಕ್ಕ ಹಿಂದೆ ಕುಳಿತು ಪಾಠಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ನನ್ನನ್ನು ತರಗತಿಯೊಳಗೆ ಬಿಡಲಿಲ್ಲ. ವರಾಂಡದಲ್ಲಿ ಕಿಟಕಿಯ ಪಕ್ಕ ನಿಂತೆ. ಆದ್ದರಿಂದ ಮುಂದಿನದರಲ್ಲಿ ಕಂಡದ್ದು ಅರ್ಧ, ಕೇಳಿದ್ದು ಅರ್ಧ.

ಅಧಿಕಾರಿ ತೆಲುಗಿನವರು. ಕನ್ನಡ ಕೇಳಿದರೆ ಬಹಳಷ್ಟು ತಿಳಿಯುತ್ತಿತ್ತು, ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. ಅವರು ಅಕ್ಕನ ಕಿವಿಯ ಇಯರ್‌ಫೋನನ್ನು ನೋಡಿದ ನೋಟದಲ್ಲಿ ನನಗೆ ನನ್ನದೇ ರೋಗ ಕಂಡಿತು. ಹೊರಗಿನಿಂದ ಯಾರೋ ಹೇಳಿಕೊಡುತ್ತಿದ್ದಾರೆ ಎಂದು ಅವರಿಗೆ ಅನಿಸಿರಬೇಕು. ಒಮ್ಮೆ ಕಿಟಕಿಯತ್ತ ತಿರುಗಿ ನನ್ನನ್ನೂ ದಿಟ್ಟಿಸಿದರು. ನಾನು ಫೋನನ್ನು ಜೇಬಿಗೆ ಹಾಕಿ ಎರಡೂ ಕೈ ಕಾಣುವಂತೆ ನಿಂತೆ.

ಮುಂದಿನ ಬೆಂಚಿನ ಹುಡುಗಿಯ ಪುಸ್ತಕ ತೆಗೆದುಕೊಂಡು, ಮನಸ್ಸಿಗೆ ಬಂದಲ್ಲಿ ತೆರೆದು, ಪುಟದ ಅಂಕಿ ಹೇಳಿದರು. ಅಕ್ಕನ ಬೆರಳು ಫೋನಿನ ಮೇಲೆ ಸರಸರ ಜಾರಿತು. ಮಕ್ಕಳು ಪುಟ ಹುಡುಕುತ್ತಿರುವಾಗಲೇ ಅವಳು ಆ ಪುಟದ ಮೊದಲ ಸಾಲು ಹೇಳಲು ಶುರುಮಾಡಿದ್ದಳು. ಅದು ಸಂತೆಯ ಪಾಠ.

"ಬೊಮ್ಮಲೋ ಏಮುಂದಿ ಅಮ್ಮಾ?" ಎಂದರು ಅಧಿಕಾರಿ. ಚಿತ್ರದಲ್ಲಿ ಏನಿದೆ ಎಂಬ ಪ್ರಶ್ನೆ. ಕಣ್ಣಿಲ್ಲದವಳಿಗೆ ಅದನ್ನೇ ಕೇಳುವ ಮನುಷ್ಯನ ಮೇಲೆ ನನಗೆ ಹೇಸಿಗೆಯಾಯಿತು. ಆದರೆ ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಅಕ್ಕ ಕ್ಷಣ ಹೊತ್ತು ಫೋನಿನ ದನಿಗೆ ಕಿವಿಗೊಟ್ಟು ಮಕ್ಕಳ ಕಡೆ ತಿರುಗಿದಳು. "ತಕ್ಕಡಿ ಹಿಡಿದ ಅಂಗಡಿಯಂವ, ಕೈಚೀಲ ಹಿಡಿದ ಅಜ್ಜಿ. ಅಂಗಡಿಯಂವ ಮೋಸ ಮಾಡಾಕತ್ತಾನಂತ. ಹೌದೇನ್ರೋ?"

ಆ ಮಾತನ್ನು ನಾನು ಅಳಿಸಿದ್ದೆನಲ್ಲ!

"ಇಲ್ರೀ ಟೀಚರ್, ಅಂವ ನಗಾಕತ್ತಾನ!"

"ಕರೆಯಾಕತ್ತಾನ್ರೀ, ಬರ್ರಿ ಬರ್ರಿ ಅಂತ!"

"ಮೋಸಾನ ರೀ ಟೀಚರ್, ಕಿರುಬೆರಳು ತಕ್ಕಡಿ ಮ್ಯಾಲೆ ಇಟ್ಟಾನ!"

"ಯಾ ಕೈದು?" ಎಂದಳು ಅಕ್ಕ.

"ಬಲಗೈದು!" "ಎಡಗೈದು!" ತರಗತಿ ಸಂತೆಯಾಯಿತು. ಮಕ್ಕಳು ಎದ್ದು ನಿಂತು ಚಿತ್ರದ ಮೂಲೆ ಮೂಲೆಯನ್ನು ಅವಳಿಗೆ ವರ್ಣಿಸುತ್ತಿದ್ದರು. ಕಿರುಬೆರಳನ್ನು ನಾನು ನೋಡಿಯೇ ಇರಲಿಲ್ಲ.

ಆ ಗದ್ದಲದ ನಡುವೆ ಅಧಿಕಾರಿ ಕೈಚಾಚಿ, "ಫೋನು ಇಟು ಇವ್ವಂಡಿ ಅಮ್ಮಾ" ಎಂದರು. ತೆರೆಯನ್ನು ಕಣ್ಣಿನ ಹತ್ತಿರ ಹಿಡಿದರು. ಹುಬ್ಬು ಮೇಲೇರಿತು.

"ಇದಿ ತೆಲುಗು ಕದಾ!"

ಗದ್ದಲ ನಿಂತಿತು. ಕನ್ನಡ ತರಗತಿಯಲ್ಲಿ ತೆಲುಗು ಪುಸ್ತಕ. ಈ ಭಾಗದಲ್ಲಿ ಅದು ಸಣ್ಣ ಮಾತಲ್ಲ. ಕನ್ನಡದ ಹುದ್ದೆ, ಕನ್ನಡದ ತರಗತಿ ಎಂದಿಗೆ ಹೋದಾವೋ ಎಂಬ ಅಳುಕು ಎಲ್ಲರ ಮನಸ್ಸಿನಲ್ಲೂ ಇದೆ. ಹೆಡ್‌ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದು, "ನನಗ ಗೊತ್ತಿಲ್ರೀ ಸಾರ್, ಇದನ್ನ ಅವರ ತಮ್ಮ ಮಾಡಿಸ್ಯಾರ" ಎಂದರು. ಅವರೇ ಡಿಟಿಪಿ ಅಂಗಡಿಯವನೊಂದಿಗೆ ಸೇರಿ ಇದನ್ನು ಮಾಡಿಸಿದ್ದಾರೆ ಎಂದು ಆ ಗಳಿಗೆಯಲ್ಲಿ ನಾನು ಖಚಿತವಾಗಿ ನಂಬಿದೆ. ಅಕ್ಕನ ತರಗತಿ ಹೋಯಿತು ಎಂದೂ ನಂಬಿದೆ.

ಅಕ್ಕ ಮಾತ್ರ ಕದಲಲಿಲ್ಲ. "ತೆಲುಗು ಅಂದ್ರಲ್ಲ ಸರ್, ಓದ್ರಿ."

"ಏಂಟಿ? ಏನು?"

"ಅಲ್ಲಿರೋದನ್ನ ಗಟ್ಟಿಯಾಗಿ ಓದ್ರಿ ಸರ್. ಹುಡುಗರೂ ಕೇಳ್ಲಿ."

ಅಧಿಕಾರಿ ಓದಿದರು. "ಸಂತೆಗೆ ಹೊರಟ ಅಜ್ಜಿಯ ಕೈಚೀಲದಲ್ಲಿ…" ಅಲ್ಲಿಗೆ ನಿಂತರು. ಮತ್ತೆ ಮೊದಲಿನಿಂದ ನಿಧಾನವಾಗಿ ಓದಿದರು. ಅಕ್ಷರ ತೆಲುಗು, ಮಾತು ಕನ್ನಡ.

"ಸರ್ ಕನ್ನಡ ಓದಿದ್ರು!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಮಕ್ಕಳು ಗೊಳ್ಳನೆ ನಕ್ಕರು.

ಅವರು ಮುಂದಿನ ಸಾಲಿಗೆ ಹೋದರು, ಅದರ ಮುಂದಿನದಕ್ಕೂ. ಉಚ್ಚಾರ ನಮ್ಮ ಬಸ್ ಕಂಡಕ್ಟರಿನ ಕನ್ನಡದಂತಿತ್ತು. ಒಂದು ಕಡೆ ತಲೆಯೆತ್ತಿ, "ಕೈಚೀಲ ಅಂಟೇ ಏಂಟಿ?" ಎಂದು ಮಕ್ಕಳನ್ನೇ ಅರ್ಥ ಕೇಳಿದರು. "ಸಂಚಿ ಸಾರ್, ಸಂಚಿ!" ಎಂದು ತರಗತಿಯೆಲ್ಲ ಒಟ್ಟಿಗೆ ಕೂಗಿತು. ಈ ಕಡೆ ಕೆಲಸ ಮಾಡುತ್ತ ಎಷ್ಟೋ ವರ್ಷ ಕಳೆದಿದ್ದರೂ ತಾವು ಒಂದು ಕನ್ನಡ ಬೋರ್ಡನ್ನೂ ಓದಿದವರಲ್ಲ ಎಂದು ಆಮೇಲೆ ಅವರೇ ಹೇಳಿದರು.

"ಈಗ ನೀವೂ ನನ್ನ ಬೆಂಚಿನ್ಯಾಗ ಕುಂತಂಗಾತ್ರಿ ಸರ್" ಎಂದಳು ಅಕ್ಕ. "ಪುಸ್ತಕದಾಗಿನ ಅಕ್ಷರ ನಿಮಗೂ ಕಾಣ್ತಿರಲಿಲ್ಲ."

ಅಧಿಕಾರಿ ನಕ್ಕರು ಎಂದು ಅಕ್ಕ ಹೇಳುತ್ತಾಳೆ. ಅವಳಿಗೆ ಕೇಳಿಸಿರಬಹುದು. ನನಗೆ ಕಂಡದ್ದು ಬೇರೆ: ಅವರ ಮುಖ ಕೆಂಪಾಯಿತು, ಹೆಡ್‌ಮಾಸ್ತರರು ನೆಲ ನೋಡಿದರು.

ನನ್ನನ್ನು ಒಳಗೆ ಕರೆದರು. ಪ್ರತಿ ಸಾಲನ್ನೂ ಎರಡು ಸಲ ತಾಳೆ ನೋಡಿದ್ದೇನೆ, ಕನ್ನಡ ಅಕ್ಷರಗಳೇ ಇದ್ದವು ಎಂದು ಎಲ್ಲರೆದುರು ಹೇಳಿದೆ. ಪ್ರಮಾಣ ಮಾಡೆಂದಿದ್ದರೆ ಮಾಡುತ್ತಿದ್ದೆ. ಅಧಿಕಾರಿ ಫೋನನ್ನು ನನ್ನತ್ತ ಹಿಡಿದರು. ನಾನು ಓದಿದೆ. ಸಾಲುಗಳು ಸರಾಗವಾಗಿ ಸಾಗಿದವು. ಎಲ್ಲ ಸರಿಯಿದೆಯಲ್ಲ ಎಂದು ಹೇಳಲು ಬಾಯಿ ತೆರೆದಾಗ ಅವು ತೆಲುಗು ಅಕ್ಷರಗಳೆಂದು ಕಂಡಿತು. ಬಾಲ್ಯದಿಂದ ಎರಡನ್ನೂ ಒಂದೇ ಉಸಿರಿನಲ್ಲಿ ಓದಿದ ಕಣ್ಣು ಯಾವುದು ಯಾವುದೆಂದು ನನಗೆ ತಿಳಿಸುವ ಗೋಜಿಗೇ ಹೋಗಿರಲಿಲ್ಲ. ಆದರೂ ಇಂದಿಗೂ ಆ ಪಾಠವನ್ನು ನೆನೆದರೆ ನನಗೆ ಕಾಣುವುದು ದುಂಡನೆಯ ಕನ್ನಡ ಅಕ್ಷರಗಳೇ.

"ಫೈಲು ಸರಿ ಮಾಡಿಸಿ" ಎಂದರು ಅಧಿಕಾರಿ. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, "ಕ್ಲಾಸು ಅಮ್ಮಗಾರಿದೇ" ಎಂದರು. ತರಗತಿ ಅಕ್ಕನಿಗೇ ಉಳಿಯಿತು. ಹೆಡ್‌ಮಾಸ್ತರರು ಮೊದಲು ಚಪ್ಪಾಳೆ ತಟ್ಟಿದರು. ಅದನ್ನೂ ನಾನು ಪೂರ್ತಿ ನಂಬಿಲ್ಲ.

ಮರುದಿನ ಅಂಗಡಿಗೆ ಜಗಳಕ್ಕೇ ಹೋದೆ. ಅಂಗಡಿಯವನು ಮದುವೆ ಕಾರ್ಡೊಂದನ್ನು ತಿದ್ದುತ್ತಿದ್ದವನು ತಲೆ ಕೆರೆದುಕೊಂಡ. "ಅದಾ ಸಾರ್? ನಮ್ಮ ಹುಡುಗಿ ಬೆರಳು ತೆಲುಗಿಗೆ ಕುಂತಾವ್ರಿ. ಕನ್ನಡದ ಮಾತನ್ನ ತೆಲುಗು ಅಕ್ಷರದಾಗ ಹೊಡೀತಾಳ, ಕಡೀಗೆ ಒಂದು ಒತ್ತು ಒತ್ತಿದ್ರ ಎಲ್ಲಾ ಕನ್ನಡ ಆಗ್ತೈತಿ. ನಮ್ಮ ಕನ್ನಡ ಲಗ್ನಪತ್ರಿಕಿ ಎಲ್ಲಾ ಹಂಗ ಆಗೋದು. ಆ ಒಂದು ಪಾಠಕ್ಕ ಒತ್ತೋದು ಮರ್ತಿರ್ಬೇಕು, ಊಟಕ್ಕ ಎದ್ದಿರ್ತಾಳ." ನನ್ನನ್ನು ಮೇಲೆ ಕೆಳಗೆ ನೋಡಿ ಕೇಳಿದ: "ನೀವು ಚೆಕ್ ಮಾಡಿದ್ರಲ್ರೀ ಸಾರ್?"

ಜಗಳ ಆಡದೆ ಬಂದೆ.

ಆದರೆ ಅನುಮಾನ ಮನೆಯವರೆಗೂ ಹಿಂದೆಯೇ ಬಂತು, ಈ ಸಲ ಅಕ್ಕನ ಮೇಲೆ. ಅಕ್ಷರ ತೆಲುಗಾದ್ದರಿಂದ ಫೋನು ತೆಲುಗು ದನಿಗೆ ಹೊರಳಿತ್ತು. ದಿನವಿಡೀ ಆ ದನಿಗಳೊಂದಿಗೇ ಬದುಕುವವಳಿಗೆ ಅದು ತಿಳಿಯದೆ ಇದ್ದೀತೇ? ಅಧಿಕಾರಿ ತೆರೆದ ಪುಟ ಅದೇ ಪಾಠದ್ದೇ ಏಕಾಗಬೇಕು? ಮತ್ತೆ ಮತ್ತೆ ಬಿಡಿಸಿದ ಪುಸ್ತಕ ಆ ಜಾಗಕ್ಕೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಆ ವಾರವೆಲ್ಲ ಅವಳು ಸಂತೆಯ ಪಾಠವನ್ನೇ ಮಾಡಿಸುತ್ತಿದ್ದಳಂತೆ.

"ನಿನಗ ಮೊದಲ ಗೊತ್ತಿತ್ತಲಾ?" ಎಂದೆ.

"ಏನು?"

"ಆ ದನಿ ತೆಲುಗಿಂದು ಅಂತ."

"ದನಿ ನಮ್ಮ ಕಡೇದು ಅಂತ ನಿನಗ ಹೇಳಿದ್ನೋ ಇಲ್ಲೋ? ಹೇಳಿದಾಗ ಎಲ್ಲಿಟ್ಟಿದ್ದಿ ನಿನ್ನ ಅನುಮಾನಾನ?"

ಅಷ್ಟಕ್ಕೆ ಅವಳು ಒಗ್ಗರಣೆಗೆ ಎದ್ದು ಹೋದಳು.

ಫೈಲನ್ನು ಸರಿಮಾಡಿ ಕೊಟ್ಟೆ. ತೆಲುಗು ಅಕ್ಷರದ ಆ ಪಾಠವನ್ನು ಅಳಿಸಬಾರದೆಂದು ಅಕ್ಕ ಹೇಳಿದಳು, ಕನ್ನಡ ಓದಿಕೊಳ್ಳಲು ತಮಗೆ ಬೇಕೆಂದು ಅಧಿಕಾರಿ ಕೇಳಿದ್ದಾರಂತೆ. ಹಾಗೆಯೇ, ಮೋಸದ ಆ ಮಾತನ್ನು ಈಗಲಾದರೂ ತೆಗೆಯೋಣವೆಂದು, ಅಧಿಕಾರಿ ಬಂದ ದಿನ ಅಕ್ಕ ಶಾಲೆಗೆ ಒಯ್ದಿದ್ದ ಆ ಫೈಲಿನಲ್ಲೇ ಚಿತ್ರದ ವಿವರಣೆಯನ್ನು ತೆರೆದು ನೋಡಿದೆ. "ತಕ್ಕಡಿ ಹಿಡಿದ ಅಂಗಡಿಯವನು, ಅವನೆದುರು ಕೈಚೀಲ ಒಡ್ಡಿದ ಅಜ್ಜಿ." ಇಷ್ಟೇ ಇತ್ತು. ಮೋಸ ಎಲ್ಲೂ ಇರಲಿಲ್ಲ. ಅಳಿಸಿದ್ದೆ ಎಂಬ ನನ್ನ ನೆನಪು ಈ ಒಂದು ಸಲ ಸರಿಯಾಗಿತ್ತು. ಹಾಗಾದರೆ ಆ ದಿನ ಫೋನು ಅದನ್ನು ಓದಿರಲಿಲ್ಲ. ನನ್ನ ಮಾತನ್ನು ನೆನಪಿಟ್ಟುಕೊಂಡು ಮಕ್ಕಳ ನಡುವೆ ಎಸೆದವಳು ಅಕ್ಕನೇ.

ಅವಳನ್ನು ಕೇಳಲಿಲ್ಲ. ಕೇಳಿದರೆ ತಾನು ಹಾಗೆ ಹೇಳಲೇ ಇಲ್ಲ ಎಂದಾಳು, ಆಗ ನನಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಈಗ ಮೇಲಿನ ತರಗತಿಯ ಪುಸ್ತಕವನ್ನೂ ಅವಳಿಗೇ ವಹಿಸಿದ್ದಾರೆ. ಅದೂ ಫೋಟೊಗಳಾಗಿಯೇ ಬಂದಿದೆ. ಟೈಪಿನ ಕೆಲಸ ಅದೇ ಅಂಗಡಿಗೆ ಕೊಟ್ಟಿದ್ದೇನೆ. ಪ್ರತಿ ಪಾಠದ ಮೊದಲ ಅಕ್ಷರ ಯಾವ ಲಿಪಿಯದೆಂದು ಬೆರಳಿಟ್ಟು ನೋಡುತ್ತೇನೆ, ಚಿತ್ರಗಳಿಗೆ ವಿವರಣೆ ಬರೆಯುತ್ತೇನೆ. ನಿನ್ನೆಯ ಚಿತ್ರದಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಯಾರನ್ನೋ ಕಾಯುತ್ತಿದ್ದಾಳೆ ಎಂದು ಬರೆದು ಅಳಿಸಿದೆ. ಯಾರನ್ನೋ ಹೊರಗೆ ಕಳಿಸಿದ್ದಾಳೆ ಎಂದು ಬರೆದು ಅದನ್ನೂ ಅಳಿಸಿದೆ. "ಬಾಗಿಲಲ್ಲಿ ನಿಂತ ಹೆಂಗಸು. ಬಲಗೈ ಚೌಕಟ್ಟಿನ ಮೇಲಿದೆ" ಎಂದು ಬರೆದು, ಎಡಗೈ ಎಲ್ಲಿದೆ ಎಂದು ಇನ್ನೊಮ್ಮೆ ಬಗ್ಗಿ ನೋಡಿದೆ.